ಪಾಲುದಾರನ ಮೌನ ಒಪ್ಪಿಗೆಯಲ್ಲ



ಒಬ್ಬರೇ ವ್ಯಾಪಾರ ಮಾಡುವವರಿಗೆ ತಮ್ಮ ತೀರ್ಮಾನದ ಲಾಭನಷ್ಟ ತಮಗೇ ಸೇರಿದ್ದು. ಆದರೆ ಇನ್ನೊಬ್ಬರ ಹಣವಾಗಲಿ, ಇನ್ನೊಬ್ಬರ ದುಡಿಮೆಯಾಗಲಿ ನಮ್ಮದರೊಂದಿಗೆ ಬೆರೆತ ದಿನದಿಂದ ನಮ್ಮ ತೀರ್ಮಾನ ಇನ್ನೊಂದು ಮನೆಯ ಅನ್ನಕ್ಕೂ ತಟ್ಟುತ್ತದೆ. ಈ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೂ ನಷ್ಟ ಬಂದ ದಿನ 'ನನ್ನನ್ನು ಕೇಳಿದ್ದಿರಾ?' ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಸರಿಯಾದ ಉತ್ತರ ಸಿಗದೆ ಒಡಹುಟ್ಟಿದವರು ಮಾತು ಬಿಡುತ್ತಾರೆ, ನೆಂಟಸ್ತಿಕೆ ಹಳಸುತ್ತದೆ, ಈದ್ ದಿನವೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗದ ಸ್ಥಿತಿ ಬರುತ್ತದೆ.

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಇದೆ. ಹಿಂದೆ ಸುಂಕ ವಸೂಲಿಯ ಕಟ್ಟೆ ಇದ್ದ ಜಾಗವೆಂದು ಹೆಸರೇ ಹೇಳುತ್ತದೆ. ಅಲ್ಲಿಂದ ಕಾಮಾಕ್ಷಿಪಾಳ್ಯದವರೆಗೆ, ಇತ್ತ ಪೀಣ್ಯದವರೆಗೆ ಸಣ್ಣ ಸಣ್ಣ ಕಾರ್ಖಾನೆಗಳ ನಾಡು. ಲೇತ್ ಇಟ್ಟುಕೊಂಡವರು, ವೆಲ್ಡಿಂಗ್ ಮಾಡುವವರು, ದೊಡ್ಡ ಗಾರ್ಮೆಂಟ್ಸ್‌ನಿಂದ ಜಾಬ್ ವರ್ಕ್ ತಂದು ಹೊಲಿಸುವವರು ಅಲ್ಲಿ ಬೇಕಾದಷ್ಟು ಮಂದಿ. ಇಂಥ ಘಟಕಗಳಲ್ಲಿ ಎಷ್ಟೋ ಒಬ್ಬರ ಬಂಡವಾಳದಿಂದ ಎದ್ದವಲ್ಲ. ಅಣ್ಣ ತಮ್ಮ, ಭಾವ ಭಾವಮೈದುನ, ಒಟ್ಟಿಗೆ ಕೆಲಸ ಕಲಿತ ಗೆಳೆಯರು ಸೇರಿ ಕಟ್ಟಿದವು. ಇವರು ಒಟ್ಟಾಗಿ ತೀರ್ಮಾನ ಮಾಡುವುದು ಹೇಗೆ? ಎಲ್ಲರೂ ಒಪ್ಪಿದರು ಎಂದು ಯಾವಾಗ ಹೇಳಬಹುದು? ಇದನ್ನೇ ಈ ಲೇಖನದಲ್ಲಿ ವಿಚಾರ ಮಾಡೋಣ.

ಸಮಾಲೋಚನೆ ಮತ್ತು ಸಮ್ಮತಿ

ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರೇ 'ಅಶ್ಶೂರಾ', ಅಂದರೆ ಸಮಾಲೋಚನೆ. ಅದರ 38ನೇ ಸೂಕ್ತದಲ್ಲಿ ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುವಾಗ ನಮಾಝ್ ಮತ್ತು ದಾನದ ನಡುವೆ ಪರಸ್ಪರ ಸಮಾಲೋಚನೆಯನ್ನು ಇಡಲಾಗಿದೆ. ಇದು ಮಕ್ಕಾದ ಕಾಲದಲ್ಲಿ ಅವತೀರ್ಣವಾದ ಅಧ್ಯಾಯ. ಆಗ ಮುಸ್ಲಿಮರ ಕೈಯಲ್ಲಿ ಅಧಿಕಾರವೂ ಇರಲಿಲ್ಲ, ಸೈನ್ಯವೂ ಇರಲಿಲ್ಲ. ಆದ್ದರಿಂದ ಶೂರಾ ಎಂಬುದು ರಾಜ್ಯವಾಳುವವರ ವಿಷಯ, ನಮ್ಮಂಥ ಅಂಗಡಿ ನಡೆಸುವವರಿಗಲ್ಲ ಎಂದು ಭಾವಿಸುವುದು ಸರಿಯಲ್ಲ.

ಇನ್ನೊಂದು ಕಡೆ, 'ಅಲ್‌ಬಕರಃ' ಅಧ್ಯಾಯದ 233ನೇ ಸೂಕ್ತದಲ್ಲಿ, ಹಸುಳೆಗೆ ಎರಡು ವರ್ಷ ತುಂಬುವ ಮೊದಲೇ ಮೊಲೆ ಬಿಡಿಸಬೇಕೆಂದಿದ್ದರೆ ತಂದೆ ತಾಯಿ ಇಬ್ಬರೂ ಸಮ್ಮತಿಸಿ, ಸಮಾಲೋಚಿಸಿ ಮಾಡಬಹುದೆಂದು ಹೇಳಲಾಗಿದೆ. ಸಮ್ಮತಿಗೆ ಅಲ್ಲಿ ಬಳಕೆಯಾಗಿರುವ ಪದ 'ತರಾದಿ'. 'ಅನ್ನಿಸಾ' ಅಧ್ಯಾಯದ 29ನೇ ಸೂಕ್ತದಲ್ಲಿ ವ್ಯಾಪಾರದ ವಿಷಯ ಬಂದಾಗಲೂ ಅದೇ ಪದ ಬರುತ್ತದೆ. ಪರಸ್ಪರ ಸಮ್ಮತಿಯ ವ್ಯಾಪಾರದ ಮೂಲಕವಲ್ಲದೆ ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ಕಬಳಿಸಬಾರದೆಂಬುದು ಅಲ್ಲಿಯ ಆಜ್ಞೆ. ಮನೆಯೊಳಗೆ ಮಗುವಿನ ಹಾಲಿನ ವಿಷಯಕ್ಕೂ, ಪೇಟೆಯಲ್ಲಿ ಸಾವಿರಾರು ರೂಪಾಯಿಯ ವ್ಯವಹಾರಕ್ಕೂ ಒಂದೇ ಪದ. 'ತರಾದಿ' ಎಂದರೆ ಎರಡೂ ಕಡೆಯ ಮನಸ್ಸಿನ ತೃಪ್ತಿ. ತಲೆಯಾಡಿಸಿದ ಮಾತ್ರಕ್ಕೆ ಅದು ಸಿಕ್ಕಿತೆಂದು ತಿಳಿಯಲಾಗದು.

ಹುನೈನ್ ಯುದ್ಧದ ಬಳಿಕ

ಇದಕ್ಕೆ ಪ್ರವಾದಿವರ್ಯರ(ಸ) ಜೀವನದಲ್ಲಿ ಬಹಳ ಸ್ಪಷ್ಟವಾದ ಒಂದು ಘಟನೆ ಇದೆ. ಹಿಜರಿ 8ರಲ್ಲಿ (ಕ್ರಿ.ಶ. 630) ಹುನೈನ್ ಯುದ್ಧ ಮುಗಿದು ಹವಾಝಿನ್ ಗೋತ್ರದ ಅನೇಕರು ಸೆರೆಯಾಗಿದ್ದರು. ಸೆರೆಯಾದವರೂ ಸೊತ್ತೂ ಯೋಧರ ನಡುವೆ ಹಂಚಿಕೆಯಾಗಿಯೂ ಆಗಿತ್ತು. ಅನಂತರ ಆ ಗೋತ್ರದವರು ಇಸ್ಲಾಮ್ ಸ್ವೀಕರಿಸಿ ಬಂದು ತಮ್ಮ ಜನರನ್ನೂ ಸೊತ್ತನ್ನೂ ಮರಳಿಸಬೇಕೆಂದು ಕೇಳಿಕೊಂಡರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದರು. ಅವರು ತಮ್ಮ ಜನರನ್ನು ಆರಿಸಿಕೊಂಡರು.

ಪ್ರವಾದಿವರ್ಯರು(ಸ) ಜನರ ಮುಂದೆ ನಿಂತು ವಿಷಯವನ್ನು ತಿಳಿಸಿದರು. ತಮ್ಮ ಪಾಲಿನ ಸೆರೆಯಾಳುಗಳನ್ನು ಮನಸಾರೆ ಬಿಟ್ಟುಕೊಡುವವರು ಬಿಟ್ಟುಕೊಡಬಹುದು. ಪಾಲನ್ನು ಉಳಿಸಿಕೊಳ್ಳಬೇಕೆನ್ನುವವರು ಈಗ ಬಿಟ್ಟುಕೊಟ್ಟರೆ ಮುಂದೆ ಸಿಗುವ ಮೊದಲ ಸೊತ್ತಿನಿಂದ ಅದಕ್ಕೆ ಬದಲು ಪಡೆಯಬಹುದು ಎಂದರು. ಜನರೆಲ್ಲ ಒಕ್ಕೊರಲಿನಿಂದ, ನಾವು ಮನಸಾರೆ ಒಪ್ಪಿದ್ದೇವೆ ಎಂದರು.

ಇಲ್ಲಿಗೆ ಮುಗಿಯಿತೆಂದು ನಾವು ಅಂದುಕೊಳ್ಳುತ್ತೇವೆ. ಕೇಳಿದವರು ಅಲ್ಲಾಹನ ಸಂದೇಶವಾಹಕರು, ಒಪ್ಪಿದವರು ಅವರಿಗಾಗಿ ಪ್ರಾಣ ಕೊಡಲೂ ಸಿದ್ಧರಿದ್ದ ಸಹಾಬಿಗಳು. ಆದರೆ ಪ್ರವಾದಿವರ್ಯರು(ಸ) ಅಲ್ಲಿಗೆ ಬಿಡಲಿಲ್ಲ. ನಿಮ್ಮಲ್ಲಿ ಯಾರು ಒಪ್ಪಿದ್ದಾರೆ, ಯಾರು ಒಪ್ಪಿಲ್ಲ ಎಂಬುದು ನಮಗೆ ತಿಳಿಯುವುದಿಲ್ಲ, ನೀವು ಹಿಂತಿರುಗಿ ಹೋಗಿ, ನಿಮ್ಮ ನಿಮ್ಮ ಗುಂಪಿನ ಪ್ರತಿನಿಧಿಗಳು ನಿಮ್ಮ ಅಭಿಪ್ರಾಯವನ್ನು ನಮಗೆ ತಿಳಿಸಲಿ ಎಂಬರ್ಥದ ಮಾತು ಹೇಳಿದರು. ಪ್ರತಿನಿಧಿಗಳು ಹೋಗಿ ತಮ್ಮ ತಮ್ಮ ಜನರೊಂದಿಗೆ ಮಾತಾಡಿ, ಎಲ್ಲರೂ ಒಪ್ಪಿದ್ದಾರೆಂದು ಬಂದು ತಿಳಿಸಿದ ಮೇಲೆಯೇ ವಿಷಯ ಇತ್ಯರ್ಥವಾಯಿತು. ಸಹೀಹ್ ಬುಖಾರಿಯಲ್ಲಿ ಈ ವರದಿಯಿದೆ.

ಹತ್ತು ಜನರ ನಡುವೆ ಕೂಗಿದ 'ಹೌದು' ಎಂಬ ಮಾತಿನಲ್ಲಿ ಮನಸ್ಸಿಲ್ಲದ ಒಬ್ಬನ ಮೌನ ಅಡಗಿರಬಹುದು. ದೊಡ್ಡವರ ಮುಖ ನೋಡಿ ಒಪ್ಪಿದವನಿರಬಹುದು. ಪಕ್ಕದವನು ಕೈ ಎತ್ತಿದನೆಂದು ತಾನೂ ಎತ್ತಿದವನಿರಬಹುದು. ಆ ಒಬ್ಬನ ಹಕ್ಕು ಅವನದೇ. ಉಳಿದವರ ಉತ್ಸಾಹದಿಂದ ಅದು ಬಿದ್ದುಹೋಗುವುದಿಲ್ಲ. ಆದ್ದರಿಂದಲೇ ಪ್ರತ್ಯೇಕವಾಗಿ, ಅವನಿಗೆ ಸಂಕೋಚವಿಲ್ಲದ ಜಾಗದಲ್ಲಿ, ಅವನಿಗೆ ಹತ್ತಿರದವರ ಮೂಲಕ ಕೇಳಿಸುವ ವ್ಯವಸ್ಥೆಯಾಯಿತು.

ದೂರದ ಜಪಾನಿನ ವ್ಯಾಪಾರ ಪದ್ಧತಿಯಲ್ಲೂ ಇಂಥದ್ದೊಂದು ಕ್ರಮವಿದೆ. ಸಭೆ ಸೇರುವ ಮೊದಲೇ ಸಂಬಂಧಪಟ್ಟವರೆಲ್ಲರನ್ನೂ ಒಬ್ಬೊಬ್ಬರಾಗಿ ಕಂಡು ಮಾತಾಡುವುದಕ್ಕೆ ಅವರು 'ನೆಮವಾಶಿ' ಎನ್ನುತ್ತಾರೆ. ಮರವನ್ನು ಬೇರೆಡೆಗೆ ಕಿತ್ತು ನೆಡುವ ಮೊದಲು ಅದರ ಬೇರಿನ ಸುತ್ತ ಜೋಪಾನವಾಗಿ ಅಗೆದು ಸಿದ್ಧಗೊಳಿಸುವ ಕೆಲಸಕ್ಕೆ ತೋಟಗಾರರು ಇಟ್ಟ ಹೆಸರದು. ಅನುಭವದಿಂದ ಅವರು ಕಂಡುಕೊಂಡ ಈ ಜಾಣ್ಮೆಯ ಮಾದರಿ ನಮ್ಮ ಪ್ರವಾದಿಯ(ಸ) ಜೀವನದಲ್ಲಿ ಹದಿನಾಲ್ಕು ಶತಮಾನಗಳಿಂದ ಇದೆ. ನಾವು ಅದನ್ನು ಎಷ್ಟು ಬಳಸಿದ್ದೇವೆ?

ಮೌನಕ್ಕೆ ಎರಡು ಮುಖ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಸುಂಕದಕಟ್ಟೆಯಲ್ಲಿ ಮೂವರು ಸೇರಿ ಇಪ್ಪತ್ತು ಮೆಷಿನ್‌ಗಳ ಒಂದು ಹೊಲಿಗೆ ಘಟಕ ನಡೆಸುತ್ತಿದ್ದಾರೆಂದಿಟ್ಟುಕೊಳ್ಳೋಣ. ಹಿರಿಯವರು ಆರ್ಡರ್ ತರುತ್ತಾರೆ, ಲೆಕ್ಕ ನೋಡುತ್ತಾರೆ. ಅವರ ಭಾವಮೈದುನ ಹೆಂಡತಿಯ ಒಡವೆ ಮಾರಿ ಹಣ ಹಾಕಿದ್ದಾನೆ. ಮೂರನೆಯವನು ಕಟಿಂಗ್ ಮಾಸ್ಟರ್. ಅವನ ಹಣ ಕಡಿಮೆ, ಕೈಕೆಲಸ ಹೆಚ್ಚು. ಇಷ್ಟು ದಿನ ಷರ್ಟ್ ಹೊಲಿಯುತ್ತಿದ್ದವರಿಗೆ ಟೀ ಷರ್ಟಿನ ದೊಡ್ಡ ಆರ್ಡರ್ ಬರುತ್ತದೆ. ಇನ್ನೊಂದು ಷೆಡ್ ಹಿಡಿಯಬೇಕು, ಅದಕ್ಕೆ ಅಡ್ವಾನ್ಸ್ ಕೊಡಬೇಕು, ಸಾಲ ಮಾಡಿ ಮೆಷಿನ್ ತರಬೇಕು.

ಹಿರಿಯವರು ಒಂದು ಸಂಜೆ ಹೇಳುತ್ತಾರೆ: "ಒಳ್ಳೆ ಆರ್ಡರ್ ಬಂದಿದೆ. ನಾಳೆಯೇ ಹೋಗಿ ಒಪ್ಪಿಕೊಂಡು ಬರೋಣ. ಏನಂತೀರಿ?"

"ನಿಮ್ಮಿಷ್ಟ ಭಾಯ್, ನೀವು ಹೇಳಿದ ಹಾಗೆ" ಎನ್ನುತ್ತಾನೆ ಭಾವಮೈದುನ. ಮಾಸ್ಟರ್ ಏನೂ ಹೇಳುವುದಿಲ್ಲ. ಟೀ ಷರ್ಟಿನ ಬಟ್ಟೆಗೆ ಓವರ್‌ಲಾಕ್, ಫ್ಲಾಟ್‌ಲಾಕ್ ಮೆಷಿನ್‌ಗಳು ಬೇಕು, ಎಳೆದರೆ ಎಳೆಯುವ ಆ ಬಟ್ಟೆಗೆ ತಮ್ಮ ಟೈಲರ್‌ಗಳ ಕೈ ಹೊಂದಲು ತಿಂಗಳುಗಳೇ ಬೇಕು ಎಂಬುದು ಅವನಿಗೆ ಗೊತ್ತು. ಆದರೆ ತನ್ನದು ಸಣ್ಣ ಪಾಲು, ದೊಡ್ಡವರ ಮಾತಿಗೆ ಅಡ್ಡ ಬರುವುದೇಕೆ ಎಂದು ಸುಮ್ಮನಿರುತ್ತಾನೆ. ಮುಂದೆ ಮಾಲು ತಡವಾಗುತ್ತದೆ, ಅರ್ಧದಷ್ಟು ರಿಜೆಕ್ಟ್ ಆಗುತ್ತದೆ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಆಗ ಮಾಸ್ಟರ್ "ನನಗೆ ಮೊದಲೇ ಗೊತ್ತಿತ್ತು" ಎನ್ನುತ್ತಾನೆ. ಹಿರಿಯವರು "ಅವತ್ತೇ ಯಾಕೆ ಬಾಯಿ ಬಿಡಲಿಲ್ಲ?" ಎಂದು ಸಿಡುಕುತ್ತಾರೆ. ಭಾವಮೈದುನ ಒಡವೆಯ ಲೆಕ್ಕ ಕೇಳುತ್ತಾನೆ.

ಇಲ್ಲಿ ತಪ್ಪು ಯಾರದು? ಮೌನಂ ಸಮ್ಮತಿ ಲಕ್ಷಣಂ ಎಂಬುದು ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಮಾತು. ನಿಕಾಹ್‌ನ ವಿಷಯದಲ್ಲಿ ನಾಚಿಕೆಯಿಂದ ಮಾತಾಡದ ಕನ್ಯೆಯ ಮೌನವನ್ನು ಒಪ್ಪಿಗೆಯೆಂದು ತಿಳಿಯಲು ಹದೀಸ್‌ನಲ್ಲೇ ಅವಕಾಶವಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಅದು ಒಂದು ವಿಶೇಷ ಸಂದರ್ಭಕ್ಕೆ ಕೊಟ್ಟ ರಿಯಾಯಿತಿ. ಅಲ್ಲೂ ಅವಳನ್ನು ಕೇಳಲೇಬೇಕು. ವ್ಯವಹಾರದ ವಿಷಯದಲ್ಲಿ ಫಿಕ್ಹ್ ವಿದ್ವಾಂಸರ ನಿಯಮ ಬೇರೆ. ಉಸ್ಮಾನೀ ಆಡಳಿತದ ಕಾಲದಲ್ಲಿ 1869ರಿಂದ 1876ರ ನಡುವೆ ಸಂಪಾದಿಸಲಾದ 'ಮಜಲ್ಲಃ' ಎಂಬ ಕಾನೂನು ಸಂಹಿತೆಯ 67ನೇ ವಿಧಿ ಆ ನಿಯಮವನ್ನು ಎರಡು ಭಾಗಗಳಲ್ಲಿ ಹೇಳುತ್ತದೆ. ಸುಮ್ಮನಿರುವವನ ಮೇಲೆ ಅವನಾಡದ ಮಾತನ್ನು ಹೊರಿಸುವಂತಿಲ್ಲ ಎಂಬುದು ಮೊದಲನೆಯದು. ಮಾತಾಡಲೇಬೇಕಾದ ಜಾಗದಲ್ಲಿ ಸುಮ್ಮನಿದ್ದರೆ ಆ ಮೌನವೇ ಮಾತಿಗೆ ಸಮ ಎಂಬುದು ಎರಡನೆಯದು.

ಮೊದಲ ಭಾಗ ಹಿರಿಯವರಿಗೆ ಪಾಠ. "ಏನಂತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗುವುದು ಸಮಾಲೋಚನೆಯಲ್ಲ. ಎರಡನೆಯ ಭಾಗ ಮಾಸ್ಟರನಿಗೆ ಪಾಠ. ಅವನಲ್ಲಿದ್ದ ತಿಳುವಳಿಕೆ ಮೂವರಿಗೂ ಸೇರಿದ ಅಮಾನತು. ಅದನ್ನು ಹೇಳದೆ ಇಟ್ಟುಕೊಂಡು, ನಷ್ಟವಾದ ಮೇಲೆ ಹೇಳಿದ್ದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ಬದ್ರ್‌ನಲ್ಲಿ ಪ್ರವಾದಿವರ್ಯರು(ಸ) ಬೀಡುಬಿಟ್ಟ ಜಾಗವನ್ನು ನೋಡಿ ಹ. ಹುಬಾಬ್ ಬಿನ್ ಮುಂದಿರ್(ರ), ಇದು ಅಲ್ಲಾಹನ ಆದೇಶವೇ ಅಥವಾ ಯುದ್ಧತಂತ್ರದ ಅಭಿಪ್ರಾಯವೇ ಎಂದು ವಿನಯದಿಂದ ಕೇಳಿದ್ದರು. ಅಭಿಪ್ರಾಯವೆಂದು ತಿಳಿದ ಮೇಲೆ, ನೀರಿನ ಬಾವಿಗೆ ಹತ್ತಿರವಾಗಿ ಬೀಡು ಬಿಡುವುದು ಮೇಲೆಂದು ಹೇಳಿದರು. ಆ ಸಲಹೆ ಸ್ವೀಕಾರವಾಯಿತು. ಪ್ರವಾದಿಯ(ಸ) ಮುಂದೆಯೇ ಒಬ್ಬ ಅನುಯಾಯಿ ಹೀಗೆ ಕೇಳಬಹುದಾಗಿದ್ದರೆ, ಭಾವನ ಮುಂದೆ, ಮಾವನ ಮುಂದೆ, ಯಜಮಾನರ ಮುಂದೆ ನಾವು ಬಾಯಿ ಕಟ್ಟಿಕೊಂಡು ಕೂರಲು ಏನು ಕಾರಣವಿದೆ?

ಮಾತಿನ ಬಲದಿಂದ ಗೆಲ್ಲುವುದೂ ಒಪ್ಪಿಗೆಯಲ್ಲ. 'ಸಾದ್' ಅಧ್ಯಾಯದಲ್ಲಿ ಹ. ದಾವೂದ್(ಅ) ಅವರ ಮುಂದೆ ಬಂದ ಒಬ್ಬ ದೂರುದಾರನ ಪ್ರಸ್ತಾಪವಿದೆ. ತೊಂಬತ್ತೊಂಬತ್ತು ಕುರಿಗಳಿದ್ದ ತನ್ನ ಸಹೋದರ ತನ್ನಲ್ಲಿರುವ ಒಂದೇ ಕುರಿಯನ್ನೂ ಕೇಳುತ್ತಿದ್ದಾನೆ, ಮಾತಿನಲ್ಲಿ ತನ್ನನ್ನು ಸೋಲಿಸಿದ್ದಾನೆ ಎಂದು ಅವನು ದೂರಿಕೊಂಡನು. ಹೆಚ್ಚಿನ ಪಾಲುದಾರರು ಒಬ್ಬರ ಮೇಲೊಬ್ಬರು ಅತಿಕ್ರಮ ಮಾಡುತ್ತಾರೆ, ಸತ್ಯವಿಶ್ವಾಸಿಗಳಾಗಿ ಸತ್ಕರ್ಮ ಮಾಡುವವರು ಮಾತ್ರ ಹಾಗಲ್ಲ, ಅಂಥವರು ಕಡಿಮೆ ಎಂಬ ಎಚ್ಚರಿಕೆ ಅಲ್ಲಿದೆ. ದೊಡ್ಡ ಪಾಲಿನವರು ಈ ಸೂಕ್ತವನ್ನು ಮತ್ತೆ ಮತ್ತೆ ಓದಿಕೊಳ್ಳುವುದು ಒಳ್ಳೆಯದು.

ಯಾವ ವಿಷಯಕ್ಕೆ ಯಾರ ಒಪ್ಪಿಗೆ?

ಹಾಗಾದರೆ ಸೂಜಿ ದಾರ ತರುವುದಕ್ಕೂ ಎಲ್ಲರನ್ನೂ ಕೂರಿಸಬೇಕೆ? ಬೇಡ. ವಿಷಯಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ಗೊಂದಲವಿರುವುದಿಲ್ಲ.

ಮೊದಲನೆಯದು ದೈನಂದಿನ ವ್ಯವಹಾರ. ಇದನ್ನು ಯಾರಿಗೆ ವಹಿಸಲಾಗಿದೆಯೋ ಅವರು ಮಾಡಲಿ. ಭಿನ್ನಾಭಿಪ್ರಾಯ ಬಂದರೆ ಹೆಚ್ಚು ಜನರ ಅಭಿಪ್ರಾಯದಂತೆ ನಡೆಯಲಿ. ನಮ್ಮ ದೇಶದ 1932ರ ಭಾರತೀಯ ಪಾಲುದಾರಿಕೆ ಕಾಯಿದೆಯೂ ಇದನ್ನೇ ಹೇಳುತ್ತದೆ. ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದರೆ, 12ನೇ ಕಲಮಿನ ಪ್ರಕಾರ ಸಾಮಾನ್ಯ ವಿಷಯಗಳನ್ನು ಬಹುಮತದಿಂದ ತೀರ್ಮಾನಿಸಬಹುದು. ಆದರೆ ತೀರ್ಮಾನವಾಗುವ ಮೊದಲು ತನ್ನ ಅಭಿಪ್ರಾಯ ಹೇಳುವ ಹಕ್ಕು ಪ್ರತಿಯೊಬ್ಬ ಪಾಲುದಾರನಿಗೂ ಇದೆ. ಬಹುಮತವಿದ್ದರೂ ಅಲ್ಪಮತದವರ ಮಾತು ಕೇಳದೆ ಮುಂದುವರಿಯುವಂತಿಲ್ಲ.

ಎರಡನೆಯದು ಬುಡದ ವಿಷಯಗಳು. ವ್ಯಾಪಾರದ ಸ್ವರೂಪವನ್ನೇ ಬದಲಿಸುವುದು, ಹೊಸ ಪಾಲುದಾರನನ್ನು ಸೇರಿಸಿಕೊಳ್ಳುವುದು ಇಂಥವು. ಬೇರೆ ಕರಾರಿಲ್ಲದಿದ್ದರೆ ಇವಕ್ಕೆ ಎಲ್ಲರ ಒಪ್ಪಿಗೆ ಬೇಕೆಂದು ಅದೇ ಕಾಯಿದೆಯ 12 ಮತ್ತು 31ನೇ ಕಲಮುಗಳು ಹೇಳುತ್ತವೆ. ದೊಡ್ಡ ಸಾಲ ಎತ್ತುವುದನ್ನೂ ಈ ಸಾಲಿಗೆ ಸೇರಿಸಿ ನಿಮ್ಮ ಕರಾರುಪತ್ರದಲ್ಲಿ ಬರೆದುಕೊಳ್ಳಿ. ಏಕೆಂದರೆ 25ನೇ ಕಲಮಿನ ಪ್ರಕಾರ ಸಂಸ್ಥೆಯ ಹೊಣೆ ಎಲ್ಲ ಪಾಲುದಾರರ ಮೇಲೆ ಒಟ್ಟಾಗಿಯೂ, ಪ್ರತಿಯೊಬ್ಬರ ಮೇಲೆ ಬಿಡಿಯಾಗಿಯೂ ಇದೆ. ಸಾಲ ಕೊಟ್ಟವನು ಮೂವರಲ್ಲಿ ಯಾರನ್ನಾದರೂ ಹಿಡಿದು ಪೂರ್ತಿ ಹಣ ಕೇಳಬಹುದು. ಒಬ್ಬರ ಆತುರಕ್ಕೆ ಇನ್ನೊಬ್ಬರ ವಾಸದ ಮನೆ ಬೆಲೆ ತೆರುವ ಅಪಾಯವಿರುವಾಗ, ಅವರನ್ನು ಕೇಳದಿರುವುದು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ.

ಮೂರನೆಯದು ಹಲಾಲ್ ಹರಾಮ್‌ನ ವಿಷಯ. ಅಳತೆಯಲ್ಲಿ ಕಡಿಮೆ ಕೊಡುವುದು, ಕೆಲಸಗಾರರ ಸಂಬಳ ತಡೆಹಿಡಿಯುವುದು, ಬಡ್ಡಿ, ಸುಳ್ಳು ಬಿಲ್ಲು, ಇವು ಸಭೆಗೆ ತರುವ ವಿಷಯಗಳೇ ಅಲ್ಲ. ಮೂವರೂ ಒಪ್ಪಿದ ಮಾತ್ರಕ್ಕೆ ನಿಷಿದ್ಧವು ಧರ್ಮಸಮ್ಮತವಾಗುವುದಿಲ್ಲ. ಸಾಲ ಎತ್ತುವ ಮಾತು ಬಂದಾಗ ಅದು ಬಡ್ಡಿಯ ಸಾಲವೇ, ಬೇರೆ ದಾರಿ ಇದೆಯೇ ಎಂಬುದನ್ನು ತಿಳಿದವರಲ್ಲಿ ವಿಚಾರಿಸಿದ ಮೇಲೆಯೇ ಲಾಭನಷ್ಟದ ಮಾತು.

ಹಂಚುವುದೋ ಉಳಿಸುವುದೋ

ಪಾಲುದಾರರ ನಡುವೆ ಹೆಚ್ಚಾಗಿ ಕಾಣುವ ಜಗಳ ಒಂದಿದೆ. ವರ್ಷದ ಲಾಭವನ್ನು ಹಂಚಿಕೊಳ್ಳಬೇಕೇ, ವ್ಯಾಪಾರದಲ್ಲೇ ಉಳಿಸಬೇಕೇ? ಒಬ್ಬರ ಮಗಳ ಮದುವೆ ಇರುತ್ತದೆ, ಇನ್ನೊಬ್ಬರಿಗೆ ಹೊಸ ಮೆಷಿನ್ ಬೇಕಿರುತ್ತದೆ. ಇಂಥದೇ ಸ್ವರೂಪದ, ಆದರೆ ಬಹಳ ದೊಡ್ಡದಾದ ಪ್ರಶ್ನೆ ಹ. ಉಮರ್(ರ) ಅವರ ಮುಂದೆ ಬಂದಿತ್ತು. ಇರಾಕಿನ ಫಲವತ್ತಾದ ಭೂಮಿಯನ್ನು ಗೆದ್ದ ಯೋಧರಿಗೆ ಹಂಚಿಬಿಡಬೇಕೇ, ಇಲ್ಲವೇ ಭೂಮಿಯನ್ನು ಅಲ್ಲಿನ ಉಳುವವರ ಕೈಯಲ್ಲೇ ಬಿಟ್ಟು, ಅದರ ಕಂದಾಯವನ್ನು ಮುಂದಿನ ತಲೆಮಾರುಗಳಿಗೂ ಸಲ್ಲುವಂತೆ ಮಾಡಬೇಕೇ?

ಉಳಿಸಬೇಕೆಂಬುದು ಹ. ಉಮರ್(ರ) ಅವರ ಅಭಿಪ್ರಾಯ. ಹಂಚಬೇಕೆಂದವರಲ್ಲಿ ಹ. ಬಿಲಾಲ್(ರ), ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂಥ ಹಿರಿಯರಿದ್ದರು. ಖಲೀಫರಾಗಿದ್ದರೂ ಹ. ಉಮರ್(ರ) ಆಜ್ಞೆ ಹೊರಡಿಸಿ ಮುಗಿಸಲಿಲ್ಲ. ಚರ್ಚೆ ದಿನಗಟ್ಟಲೆ ನಡೆಯಿತು. ಬಳಿಕ ಅವರು ಅನ್ಸಾರರಲ್ಲಿ ಹತ್ತು ಮಂದಿಯನ್ನು, ಔಸ್ ಗೋತ್ರದಿಂದ ಐವರು, ಖಝ್ರಜ್ ಗೋತ್ರದಿಂದ ಐವರಂತೆ ಕರೆಸಿದರು. ತಾನೂ ಅವರಂತೆಯೇ ಒಬ್ಬ, ತನ್ನ ಇಷ್ಟವನ್ನು ಅವರು ಅನುಸರಿಸಬೇಕಿಲ್ಲ ಎಂದು ಮೊದಲೇ ತಿಳಿಸಿ, ತನ್ನ ವಾದವನ್ನು ಅವರ ಮುಂದಿಟ್ಟರು. ಮುಂದೆ ಬರಲಿರುವವರಿಗೂ ಪಾಲಿದೆಯೆಂಬುದಕ್ಕೆ 'ಅಲ್‌ಹಶ್ರ್' ಅಧ್ಯಾಯದ ಸೂಕ್ತಗಳನ್ನು ಆಧಾರವಾಗಿ ತೋರಿಸಿದರು. ಕೊನೆಗೆ ಆ ಅಭಿಪ್ರಾಯವೇ ನಿಂತಿತು. ಇಮಾಮ್ ಅಬೂ ಯೂಸುಫ್‌ರವರ 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ಇದರ ವಿವರವಿದೆ.

ಇದರಲ್ಲಿ ಗಮನಿಸಬೇಕಾದುದೇನು? ವಿರೋಧಿಸಿದವರನ್ನು ಕೆಟ್ಟವರೆನ್ನಲಿಲ್ಲ. ಎರಡು ಗೋತ್ರಗಳಿಂದಲೂ ಸಮನಾಗಿ ಕರೆಯಲಾಯಿತು. ಅಧಿಕಾರ ಕೈಯಲ್ಲಿದ್ದವರು ಅದನ್ನು ಬದಿಗಿಟ್ಟು ಆಧಾರ ತೋರಿಸಿದರು. ಆ ಆಧಾರ ಸಿಗುವ ತನಕ ಚರ್ಚೆಗೆ ಸಮಯ ಕೊಟ್ಟರು.

ಕೂತು ಮಾತಾಡುವ ಕ್ರಮ

ಇವನ್ನೆಲ್ಲ ನಮ್ಮ ಅಂಗಡಿ ಕಾರ್ಖಾನೆಗಳಲ್ಲಿ ಹೇಗೆ ಆಚರಣೆಗೆ ತರಬಹುದೆಂದು ನೋಡೋಣ.

1. ವಿಷಯವನ್ನು ಮುಂಚಿತವಾಗಿ ತಿಳಿಸಿ. ಊಟಕ್ಕೆ ಕೂತಾಗ, ಮದುವೆ ಮನೆಯಲ್ಲಿ ಸಿಕ್ಕಾಗ, ಫೋನಿನಲ್ಲಿ ಅವಸರದಲ್ಲಿ ಕೇಳಿದ್ದನ್ನು ಕೇಳಿದಂತೆಂದು ಎಣಿಸಬೇಡಿ. ಯೋಚಿಸಲು ಎರಡು ಮೂರು ದಿನ ಕೊಡಿ.

2. ಲೆಕ್ಕದ ಪುಸ್ತಕವನ್ನು ಮುಂದಿಡಿ. ಲೆಕ್ಕ ಕಾಣದವನ ಒಪ್ಪಿಗೆ ಕುರುಡು ಒಪ್ಪಿಗೆ. ಸಂಸ್ಥೆಯ ಪುಸ್ತಕಗಳನ್ನು ನೋಡುವ ಹಕ್ಕನ್ನು ಕಾಯಿದೆಯೂ ಪ್ರತಿ ಪಾಲುದಾರನಿಗೆ ಕೊಟ್ಟಿದೆ. ತಮ್ಮ ಲೆಕ್ಕ ಕೇಳಿದನೆಂದು ಅಣ್ಣ ಮುನಿಸಿಕೊಳ್ಳುವುದು ಬೇಡ.

3. ಸಣ್ಣವರಿಂದ ಶುರುಮಾಡಿ. ಹಿರಿಯರು ಮೊದಲು ಮಾತಾಡಿದರೆ ಕಿರಿಯರು ಅದಕ್ಕೆ ತಲೆಯಾಡಿಸುತ್ತಾರೆ. ಕಡಿಮೆ ಪಾಲಿನವನು, ವಯಸ್ಸಿನಲ್ಲಿ ಚಿಕ್ಕವನು ಮೊದಲು ಹೇಳಲಿ, ಯಜಮಾನರು ಕೊನೆಗೆ ಹೇಳಲಿ.

4. "ನಿಮ್ಮಿಷ್ಟ" ಎಂಬ ಉತ್ತರವನ್ನು ಒಪ್ಪಿಗೆಯೆಂದು ಬರೆದುಕೊಳ್ಳಬೇಡಿ. "ನಿಮ್ಮ ಹಣ ಮಾತ್ರ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಇನ್ನೊಮ್ಮೆ ಕೇಳಿ. ಆಗಲೂ ಮಾತಾಡದಿದ್ದರೆ ಅವರಿಗೆ ಆಪ್ತರಾದವರಿಂದ ಬೇರೆಯಾಗಿ ಕೇಳಿಸಿ. ಹುನೈನ್‌ನ ಪ್ರತಿನಿಧಿಗಳು ಮಾಡಿದ್ದು ಇದನ್ನೇ.

5. ತೀರ್ಮಾನವನ್ನು ಬರೆದಿಡಿ. ಯಾವ ದಿನ, ಯಾರು ಯಾರು ಇದ್ದರು, ಏನು ತೀರ್ಮಾನವಾಯಿತು, ಯಾರಿಗೆ ಯಾವ ಆಕ್ಷೇಪವಿತ್ತು ಎಂದು ನಾಲ್ಕು ಸಾಲು ಸಾಕು. ಕುರ್‌ಆನಿನ ಅತಿ ದೀರ್ಘ ಸೂಕ್ತವಾದ 'ಅಲ್‌ಬಕರಃ' 282, ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು, ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದೆಂದು ಕಲಿಸುತ್ತದೆ. ನಮ್ಮವರ ನಡುವೆ ಬರಹ ಯಾಕೆ ಎನ್ನುವವರು ಈ ಸೂಕ್ತ ಯಾರನ್ನು ಉದ್ದೇಶಿಸಿದೆ ಎಂದು ನೋಡಲಿ. ಅದು ಸತ್ಯವಿಶ್ವಾಸಿಗಳನ್ನೇ ಕರೆದು ಹೇಳಿದ ಮಾತು.

6. ಹಣದ ಹಿಂದೆ ಮನೆಯವರಿದ್ದರೆ ಅವರನ್ನೂ ಕೇಳಿ. ಒಡವೆ ಮಾರಿಕೊಟ್ಟ ಹೆಂಡತಿ ಕಾಗದದ ಮೇಲೆ ಪಾಲುದಾರಳಲ್ಲದಿರಬಹುದು, ಆದರೆ ಹೋಗುವುದು ಅವಳ ಸೊತ್ತು. ಹಿಜರಿ 6ರಲ್ಲಿ ಹುದೈಬಿಯದಲ್ಲಿ ಸಹಾಬಿಗಳು ದುಃಖದಿಂದ ಸ್ತಬ್ಧರಾಗಿದ್ದಾಗ, ಪ್ರವಾದಿವರ್ಯರು(ಸ) ತಮ್ಮ ಪತ್ನಿ ಹ. ಉಮ್ಮು ಸಲಮಃ(ರ) ಅವರ ಸಲಹೆಯಂತೆ ತಾವೇ ಮೊದಲು ಬಲಿ ಅರ್ಪಿಸಿ ತಲೆ ಬೋಳಿಸಿಕೊಂಡರು. ಎಲ್ಲರೂ ಅವರನ್ನು ಅನುಸರಿಸಿದರು. ಹೆಂಗಸರಿಗೆ ವ್ಯಾಪಾರ ಏನು ತಿಳಿಯುತ್ತದೆ ಎನ್ನುವ ಮೊದಲು ಇದನ್ನು ನೆನೆಯಬೇಕು.

ಹೆಸರಿಗೆ ಮಾತ್ರ ಪಾಲುದಾರರು

ಇತ್ತೀಚಿನ ಒಂದು ಕಹಿ ಅನುಭವವನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. ಬೆಂಗಳೂರಿನಲ್ಲಿ 2006ರಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ (ಐಎಂಎ) ಸಂಸ್ಥೆಯಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳು ಹಣ ಹಾಕಿದ್ದವು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥರು ದೇಶ ಬಿಟ್ಟು ಹೋದಾಗ ಶಿವಾಜಿನಗರದಲ್ಲಿ ದೂರು ಕೊಡಲು ಜನ ಸಾಲುಗಟ್ಟಿ ನಿಂತರು. ಮದುವೆಗೆ ಕೂಡಿಟ್ಟ ಹಣ, ಹಜ್ಜ್ ಯಾತ್ರೆಗೆ ಇಟ್ಟ ಹಣ, ವಿಧವೆಯರ ಉಳಿತಾಯ ಅದರಲ್ಲಿತ್ತು. ಹಣ ಹಾಕಿದವರನ್ನು ಎಲ್‌ಎಲ್‌ಪಿ ಎಂಬ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳಲ್ಲಿ ಪಾಲುದಾರರೆಂದು ಕಾಗದದಲ್ಲಿ ತೋರಿಸಲಾಗಿತ್ತು. ಅಪರಾಧ ಯಾರದು ಎಷ್ಟು ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ನಮ್ಮ ಪಾಠ ಬೇರೆ.

ಪಾಲುದಾರ ಎಂದು ಕರೆಸಿಕೊಂಡವರಲ್ಲಿ ಎಷ್ಟು ಮಂದಿಯನ್ನು ಒಂದಾದರೂ ತೀರ್ಮಾನದ ಬಗ್ಗೆ ಕೇಳಲಾಗಿತ್ತು? ಎಷ್ಟು ಮಂದಿ ಲೆಕ್ಕದ ಪುಸ್ತಕ ಕಂಡಿದ್ದರು? ಯಾವುದೇ ಸಂಸ್ಥೆ ನಿಮ್ಮನ್ನು ಪಾಲುದಾರರೆಂದು ಕರೆದು, ತಿಂಗಳ ಹಣ ಮಾತ್ರ ಕೊಟ್ಟು, ಒಮ್ಮೆಯೂ ನಿಮ್ಮ ಅಭಿಪ್ರಾಯ ಕೇಳದಿದ್ದರೆ, ಲೆಕ್ಕ ತೋರಿಸದಿದ್ದರೆ ಅದು ಯಾವ ಬಗೆಯ ಪಾಲುದಾರಿಕೆ ಎಂದು ನೀವು ಕೇಳಲೇಬೇಕು. ಬರುವ ಹಣ ಚೆನ್ನಾಗಿರುವಾಗ ಕೇಳುವುದು ಕಷ್ಟ. ಆದರೆ ಕೇಳಬೇಕಾದ ಸಮಯ ಅದೇ.

ಒಮ್ಮತ ಬರದಿದ್ದರೆ

ಎಷ್ಟು ಮಾತಾಡಿದರೂ ಮನಸ್ಸು ಕೂಡದಿರುವುದುಂಟು. ಆಗ ಮೊದಲು ಮಾಡಬೇಕಾದದ್ದು ಇರುವುದನ್ನು ಇದ್ದಂತೆ ಕೆಲವು ದಿನ ಬಿಡುವುದು. ಎರಡನೆಯದು ಸಣ್ಣ ಪ್ರಮಾಣದಲ್ಲಿ ಪರೀಕ್ಷೆ ಮಾಡುವುದು. ನಮ್ಮ ಉದಾಹರಣೆಯ ಮೂವರು ಪೂರ್ತಿ ಆರ್ಡರ್ ಬದಲು ಐನೂರು ಟೀ ಷರ್ಟ್ ಹೊಲಿದು ನೋಡಬಹುದಿತ್ತು. ಮೂರನೆಯದು ಮಧ್ಯಸ್ಥರನ್ನು ನೇಮಿಸುವುದು. ದಂಪತಿಗಳ ಜಗಳಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬ ತೀರ್ಪುಗಾರನನ್ನು ನೇಮಿಸಲು ಕುರ್‌ಆನ್ ಹೇಳಿದೆ. ಆ ಕ್ರಮ ಇಲ್ಲಿಗೂ ಒಪ್ಪುತ್ತದೆ. ಒಬ್ಬ ಪಾಲುದಾರ ತಾನಾಗಿಯೇ ವಿವಾದವನ್ನು ಮಧ್ಯಸ್ಥರಿಗೆ ಒಪ್ಪಿಸುವಂತಿಲ್ಲವೆಂದು ಕಾಯಿದೆಯ 19ನೇ ಕಲಮು ಹೇಳುವುದರಿಂದ, ಎಲ್ಲರೂ ಸಹಿ ಹಾಕಿಯೇ ಮಧ್ಯಸ್ಥರ ಬಳಿಗೆ ಹೋಗಿ. ಇದಾವುದೂ ಆಗದಿದ್ದರೆ ಲೆಕ್ಕ ಚುಕ್ತಾ ಮಾಡಿ, ಕೈ ಕುಲುಕಿ ಬೇರೆಯಾಗುವುದರಲ್ಲಿ ಅವಮಾನವಿಲ್ಲ. ಸಲಾಮ್ ಉಳಿದರೆ ಸಂಬಂಧ ಉಳಿದಂತೆಯೇ.

ನಷ್ಟ ಬಂದ ದಿನ

ಸರಿಯಾಗಿ ಸಮಾಲೋಚಿಸಿ ಮಾಡಿದ ತೀರ್ಮಾನದಿಂದಲೂ ನಷ್ಟ ಬರಬಹುದು. ಹಿಜರಿ 3ರಲ್ಲಿ (ಕ್ರಿ.ಶ. 625) ಉಹುದ್ ಯುದ್ಧದ ಮೊದಲು, ಮದೀನದೊಳಗಿದ್ದೇ ಎದುರಿಸಬೇಕೆಂಬುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಬದ್ರ್‌ನಲ್ಲಿ ಭಾಗವಹಿಸಲಾಗದ ಯುವಕರು ಹೊರಗೆ ಹೋಗೋಣವೆಂದು ಒತ್ತಾಯಿಸಿದರು. ಪ್ರವಾದಿವರ್ಯರು(ಸ) ಅವರ ಮಾತನ್ನು ಒಪ್ಪಿ ಕವಚ ತೊಟ್ಟರು. ಆಗ ಯುವಕರಿಗೆ ಪಶ್ಚಾತ್ತಾಪವಾಗಿ, ನಿಮ್ಮ ಇಷ್ಟದಂತೆಯೇ ಮಾಡೋಣ ಎಂದರು. ಕವಚ ತೊಟ್ಟ ಮೇಲೆ ಅದನ್ನು ಕಳಚುವುದು ಪ್ರವಾದಿಗೆ ಒಪ್ಪುವುದಲ್ಲವೆಂದು ಅವರು ತಿಳಿಸಿದರು. ಆ ದಿನ ಎಪ್ಪತ್ತು ಮಂದಿ ಮುಸ್ಲಿಮರು ಹುತಾತ್ಮರಾದರು.

ಅನಂತರ ಬಂದ 'ಆಲಿ ಇಮ್ರಾನ್' ಅಧ್ಯಾಯದ 159ನೇ ಸೂಕ್ತವನ್ನು ಗಮನಿಸಿ. ನಿಮ್ಮ ಮಾತು ಕೇಳಿ ಹೀಗಾಯಿತು, ಇನ್ನು ಮೇಲೆ ಯಾರನ್ನೂ ಕೇಳಬೇಡಿರಿ ಎಂಬ ಆದೇಶ ಬರಲಿಲ್ಲ. ಅವರನ್ನು ಕ್ಷಮಿಸಬೇಕು, ಅವರಿಗಾಗಿ ಪಾಪವಿಮೋಚನೆಯನ್ನು ಬೇಡಬೇಕು, ವ್ಯವಹಾರಗಳಲ್ಲಿ ಅವರೊಂದಿಗೆ ಸಮಾಲೋಚಿಸಬೇಕು, ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕು ಎಂಬ ಆದೇಶವೇ ಬಂತು. ಒರಟು ಸ್ವಭಾವದವರಾಗಿದ್ದರೆ ಜನರು ಸುತ್ತಮುತ್ತಲಿಂದ ಚದುರಿಹೋಗುತ್ತಿದ್ದರೆಂದೂ ಅಲ್ಲಿ ಹೇಳಲಾಗಿದೆ. ಸಲಹೆ ಕೊಟ್ಟು ನಷ್ಟವಾದವನನ್ನು ಹಂಗಿಸಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಆಗ ಮತ್ತೆ ಅದೇ ಮೌನ, ಮತ್ತೆ ಅದೇ ಸುಳ್ಳು ಒಪ್ಪಿಗೆ.

ಆತ್ಮೀಯ ಸಹೋದರ ಸಹೋದರಿಯರೇ, ಇಬ್ಬರು ಪಾಲುದಾರರಲ್ಲಿ ಒಬ್ಬನು ಇನ್ನೊಬ್ಬನನ್ನು ವಂಚಿಸದಿರುವ ತನಕ ಅಲ್ಲಾಹನು ಅವರೊಂದಿಗೆ ಮೂರನೆಯವನಾಗಿರುವನೆಂಬ ಆಶಯದ ಹದೀಸ್ ಅಬೂದಾವೂದ್‌ನಲ್ಲಿದೆ. ಪ್ರವಾದಿತ್ವಕ್ಕೆ ಮೊದಲು ಅವರೊಂದಿಗೆ ವ್ಯಾಪಾರದ ಪಾಲುದಾರರಾಗಿದ್ದ ಹ. ಸಾಇಬ್(ರ), ಅವರು ಎಂದೂ ತಕರಾರು ಮಾಡದ ಉತ್ತಮ ಪಾಲುದಾರರಾಗಿದ್ದರೆಂದು ಸಾಕ್ಷ್ಯ ನುಡಿದುದೂ ಅದೇ ಗ್ರಂಥದಲ್ಲಿದೆ. ನಮ್ಮ ಪಾಲುದಾರರು ನಮ್ಮ ಬಗ್ಗೆ ಇಂಥ ಸಾಕ್ಷ್ಯ ಹೇಳಬಲ್ಲರೇ? ನೀವು ಯಾರೊಂದಿಗಾದರೂ ಸೇರಿ ವ್ಯವಹಾರ ನಡೆಸುತ್ತಿದ್ದರೆ, ಕಳೆದ ಒಂದು ವರ್ಷದಲ್ಲಿ ಮಾಡಿದ ದೊಡ್ಡ ತೀರ್ಮಾನಗಳನ್ನು ಒಂದು ಕಾಗದದಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆಯೂ ಯಾರು ಬಾಯಿಬಿಟ್ಟು ಒಪ್ಪಿದರು, ಯಾರು ಸುಮ್ಮನಿದ್ದರು ಎಂದು ಗುರುತಿಸಿ. ಸುಮ್ಮನಿದ್ದವರ ಹೆಸರು ಕಂಡರೆ ಇವತ್ತೇ ಅವರ ಬಳಿಗೆ ಹೋಗಿ ಕೇಳಿ. ಸುಮ್ಮನಿದ್ದವರು ನೀವೇ ಆಗಿದ್ದರೆ, ಹೇಳಬೇಕಾದ್ದನ್ನು ಒಳ್ಳೆಯ ಮಾತಿನಲ್ಲಿ ಹೇಳಿಬಿಡಿ.

ನಮ್ಮ ವ್ಯವಹಾರಗಳಲ್ಲಿ ಸತ್ಯವನ್ನೂ ನಮ್ಮ ಒಪ್ಪಿಗೆಗಳಲ್ಲಿ ಮನಸ್ಸನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.